ಗೊಡ್ಡು ಮರದ ಜಾಮೀನು

ಬಿಳಿಗೆರೆಯ ಸೂರ್ಯಪ್ರಕಾಶನ ದಿನ ಕೆಟ್ಟದ್ದು ಒಂದು ಒಳ್ಳೆಯ ಸುದ್ದಿಯಿಂದ. ಬೆಳಿಗ್ಗೆ ಹಲ್ಲುಜ್ಜುತ್ತ ಅವನು ಫೋನು ತೆರೆದಾಗ ಶೆಟ್ಟಿಕೆರೆಯ ಉಜ್ವಲನ ಮೆಸೇಜು ಬಂದು ಕೂತಿತ್ತು.

'ಅಣ್ಣ, ನಮ್ಮ ತೋಟದ ಮರಗಳ ಕೆಲಸ ವರ್ಷಪೂರ್ತಿ ನಿಮಗೇ ಕೊಡಬೇಕು ಅಂತ ನನಗಿದೆ. ಆದರೆ ನಿಮ್ಮ ಗಾಡಿ ಒಂದು ಮರವನ್ನ ಬುಡಸಮೇತ ತೆಗೆಯೋದನ್ನ ನೋಡಬೇಕು. ಸಂಜೆಯೊಳಗೆ ಒಂದು ವಿಡಿಯೋ ಕಳಿಸಿ. ತುರುವೇಕೆರೆಯವರೊಬ್ಬರು ಕೂಡ ಕೇಳ್ತಿದ್ದಾರೆ.'

ಉಜ್ವಲನ ಸೋದರತ್ತೆ ಗಿರಿಜಾಂಬಿಕಾ ಆ ಸೀಮೆಯ ದೊಡ್ಡ ತೋಟದ ಯಜಮಾನಿ. ಅವರ ತೋಟದ ಈ ಬೇಲಿಯಲ್ಲಿ ನಿಂತು ಕೂಗಿದರೆ ಆ ಬೇಲಿಗೆ ಕೇಳಿಸುವುದಿಲ್ಲ ಎನ್ನುತ್ತಿದ್ದರು. ವ್ಯವಹಾರ ನೋಡುವವನು ಉಜ್ವಲ್, ಕೊನೆಯ ಮಾತು ಅತ್ತೆಯದು.

ಸೂರ್ಯಪ್ರಕಾಶ ತಿಪಟೂರಿನ ಟ್ರ್ಯಾಕ್ಟರ್ ಷೋರೂಮಿನಲ್ಲಿ ಬೇರೆಯವರಿಗೆ ಗಾಡಿ ಮಾರುತ್ತ ಮಾರುತ್ತ ಒಂದು ದಿನ ತಾನೇ ಒಂದು ಗಾಡಿ ಕೊಂಡುಬಿಟ್ಟಿದ್ದ. ಟ್ರ್ಯಾಕ್ಟರ್ ಅಲ್ಲ. ಚಕ್ರದ ಬದಲು ರಬ್ಬರಿನ ಪಟ್ಟೆಗಳ ಮೇಲೆ ತೆವಳುವ ಪುಟ್ಟ ಲೋಡರು. ಮುಂದೆ ಬಕೆಟ್ಟು, ಬೇಕೆಂದಾಗ ಸಿಕ್ಕಿಸಿಕೊಳ್ಳಲು ಒಂದು ದೊಡ್ಡ ಇಕ್ಕಳ. ಎರಡು ಮರಗಳ ಸಂದಿಯಲ್ಲಿ ಹೆಗ್ಗಣದ ಹಾಗೆ ನುಗ್ಗಿ, ಪಕ್ಕದ ಬೇರಿಗೆ ನೋವಾಗದಂತೆ ಒಣಗಿದ ಮರವನ್ನು ತೆಗೆದು ಆಚೆ ಇಡುತ್ತದೆ. ಮನೆಯ ಮುಂದೆ ಅವನು 'ಸೂರ್ಯ ಮರ ಆರೈಕೆ ಸೇವೆ' ಎಂದು ಬೋರ್ಡು ಬರೆಸಿ ಹಾಕಿದ್ದ. ಓದಿದವರೆಲ್ಲ ಒಳಗೆ ಬಂದು, "ಮರಕ್ಕೆ ಏನಪ್ಪ, ಜ್ವರ ಬಂದೈತಾ?" ಎಂದು ಕೇಳಿ ಕಾಫಿ ಕುಡಿದು ಹೋಗುತ್ತಿದ್ದರು.

ಗಾಡಿ ಬಂದಾಗಿನಿಂದ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಯಾರದೋ ನೀರಿನ ಟ್ಯಾಂಕನ್ನು ಮೇಲಕ್ಕೆತ್ತಿ ಇಟ್ಟಿತ್ತು. ಚರಂಡಿಗಿಳಿದ ಕಾರನ್ನು ಎಳೆದಿತ್ತು. ಒಂದು ಗೃಹಪ್ರವೇಶದಲ್ಲಿ ಅನ್ನದ ಕೊಳಗವನ್ನು ಒಲೆಯಿಂದ ಪಂಕ್ತಿಯವರೆಗೆ ಹೊತ್ತಿತ್ತು. ಮರವೊಂದನ್ನು ಬಿಟ್ಟು ಅದು ಎತ್ತದೇ ಇದ್ದದ್ದೇ ಇರಲಿಲ್ಲ. ತೆಂಗಿನ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಗಂಡಹೆಂಡಿರು ಬೇರೆಯಾಗುತ್ತಾರೆ, ತೆಂಗಿನ ಮರ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಸತ್ತ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿ, ಇದ್ದುಕೊಳ್ಳಲಿ ಬಿಡು ಎನ್ನುವ ಜನ.

"ಈ ಕೆಲಸವೂ ಕೈತಪ್ಪಿದರೆ ಗಾಡಿ ಮಾರಿಬಿಡಿ," ಎಂದಳು ಹೆಂಡತಿ ಶಿಲ್ಪ, ಚಟ್ನಿಗೆ ಕಾಯಿ ತುರಿಯುತ್ತ. "ಷೋರೂಮಿನವರು ಇನ್ನೂ ಕರೀತಿದಾರಂತೆ."

ಷೋರೂಮು ಎಂದರೆ ಟೈ. ತಿಪಟೂರಿನ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು, ತನ್ನ ಅಪ್ಪನ ವಯಸ್ಸಿನವರ ಎದುರು ಬ್ರೋಷರ್ ಬಿಡಿಸುವುದು. ಸೂರ್ಯಪ್ರಕಾಶ ಬಾಯಿ ತೊಳೆದುಕೊಂಡು ಹೊರಗೆ ಬಂದ. ಸಂಜೆಯೊಳಗೆ ಅವನಿಗೆ ಒಂದು ಮರ ಬೇಕಿತ್ತು.

ಮರವೇ ನಡೆದು ಬಂದ ಹಾಗೆ ಗೇಟಿನ ಹತ್ತಿರ ಲಕ್ಕಯ್ಯ ನಿಂತಿದ್ದ. ಮೇಲಿನ ಬೀದಿಯ ಮುದುಕ, ಹೆಗಲ ಮೇಲೆ ಟವೆಲ್ಲು.

"ಸೂರಿ, ಗಾಡಿ ಬಿಡುವಾಗೈತೇನಪ್ಪ? ಬಾವಿ ಹತ್ರ ಒಂದು ಮರ ಐತೆ. ನೆಟ್ಟಾಗ್ಲಿಂದ ಒಂದು ಹೊಂಬಾಳೆ ಬುಟ್ಟಿಲ್ಲ. ತಿನ್ನಾಕೆ ಗೊಬ್ಬರ ಬೇಕು, ಕುಡಿಯಾಕೆ ನೀರು ಬೇಕು, ಕೊಡಾಕೆ ಮಾತ್ರ ಏನೂ ಇಲ್ಲ. ಥೇಟ್ ನಮ್ಮ ದೊಡ್ಡ ಅಳಿಯ."

"ತೆಗೆಯೋದಾ ಮಾವ?"

"ಅದಕ್ಕೇ ಅಲ್ವಾ ಗಾಡಿ ಕೇಳ್ತಿರೋದು."

ಸೂರ್ಯಪ್ರಕಾಶ ತಿಂಡಿಯನ್ನೂ ತಿನ್ನದೆ ಗಾಡಿ ಹತ್ತಿದ. ಲಕ್ಕಯ್ಯನ ತೋಟ ಮುಟ್ಟುವಷ್ಟರಲ್ಲಿ ಲಕ್ಕಯ್ಯನ ಹೆಂಡತಿ ಕೆಂಪಕ್ಕ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಕೈಮುಗಿದು ನಿಂತಿದ್ದಳು. ಹೋಗುವ ಮರಕ್ಕೆ ಕೊನೆಯ ಪೂಜೆ ಎಂದುಕೊಂಡ ಸೂರ್ಯಪ್ರಕಾಶ ತಾನೂ ಒಮ್ಮೆ ಕೈಮುಗಿದ. ಲಕ್ಕಯ್ಯ ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಮರದೆದುರು ನಿಂತು ಗಂಟಲು ಸರಿಮಾಡಿಕೊಂಡ.

"ನೋಡು, ನಿನ್ನ ಓರಗೆ ಮರ ಎಲ್ಲ ಗೊನೆ ಗೊನೆ ಬುಡ್ತಾ ಅವೆ. ನೀನು ಮಾತ್ರ ಉಂಡು ನಿಂತಿದ್ದೀಯ. ಇವತ್ತು ನಿನ್ನ ಬುಡಕಿತ್ತು ಹಾಕೇ ಸೈ. ಸೂರಿ, ಸ್ಟಾರ್ಟ್ ಮಾಡು."

ಗಾಡಿ ಗುಡುಗಿತು. ತೋಟದ ಹಕ್ಕಿಗಳೆಲ್ಲ ಎದ್ದು ಪಕ್ಕದ ತೋಟಕ್ಕೆ ಹೋದವು. ಬಕೆಟ್ಟಿನ ತುದಿ ಮರದ ಬುಡ ಮುಟ್ಟಿತು. ಇನ್ನು ಲಿವರ್ ಒತ್ತುವುದೊಂದೇ ಬಾಕಿ. ಆಗ ಕೆಂಪಕ್ಕ ಮರದ ಹಿಂದಿನಿಂದ ಈಚೆ ಬಂದಳು.

"ಬ್ಯಾಡಿ, ತಡೀರಿ. ಏನೋ ಬುದ್ಧಿ ಇಲ್ದಿರೋ ಮರ, ಇದೊಂದ್ಸಲ ಬುಟ್ಬುಡಿ. ಬರೋ ವರ್ಸ ಕಾಯಿ ಬುಡ್ತದೆ. ನಾನು ಜಾಮೀನು."

"ನೀನು ಜಾಮೀನಾ?"

"ನಾನೇ ಜಾಮೀನು."

"ನಿನ್ನ ಮೊಕ ನೋಡಿ ಬುಟ್ಟಿವ್ನಿ," ಎಂದ ಲಕ್ಕಯ್ಯ. ಆಮೇಲೆ ಈ ಕಡೆ ತಿರುಗಿ ಬೇರೆಯೇ ದನಿಯಲ್ಲಿ, "ಆಫ್ ಮಾಡಪ್ಪ, ಡೀಸೆಲ್ ಯಾಕೆ ದಂಡ" ಎಂದ.

ಸೂರ್ಯಪ್ರಕಾಶ ಸೀಟಿನಲ್ಲೇ ಕೂತಿದ್ದ. ಗೊಡ್ಡು ಮರವನ್ನು ಹೆದರಿಸುವ ಶಾಸ್ತ್ರ ಅವನಿಗೆ ತಿಳಿಯದ್ದೇನಲ್ಲ. ಒಬ್ಬ ಕೊಡಲಿ ಎತ್ತಬೇಕು, ಇನ್ನೊಬ್ಬರು ಬಂದು ಜಾಮೀನು ನಿಲ್ಲಬೇಕು, ಮರ ನಾಚಿಕೊಂಡೋ ಹೆದರಿಕೊಂಡೋ ಬರುವ ವರ್ಷ ಕಾಯಿ ಬಿಡಬೇಕು. ಅವನ ಅಜ್ಜಿಯೂ ಎಷ್ಟೋ ಮರಕ್ಕೆ ಜಾಮೀನು ನಿಂತಿದ್ದಳು. ಆದರೆ ಅದಕ್ಕೆ ಕೊಡಲಿ ಸಾಕಾಗುತ್ತಿತ್ತು.

"ಈಗಿನ ಮರ ಕೊಡಲಿಗೆಲ್ಲ ಹೆದ್ರಲ್ಲ ಕಣಪ್ಪ," ಎಂದ ಲಕ್ಕಯ್ಯ. "ಈ ಮುದುಕನ ಕೈಲಿ ಏನಾಗ್ತದೆ ಅಂತ ಅದಕ್ಕೂ ಗೊತ್ತಾಗೋಗೈತೆ. ನಿನ್ನ ಗಾಡಿ ನೋಡಿ ಸುಳಿಯೆಲ್ಲ ಗಡಗಡ ಅಂತು. ನೀನೂ ನೋಡ್ದಲ್ಲ?"

"ಮಾವ, ನಿಜಕ್ಕೂ ತೆಗೆಯೋದು ಯಾವಾಗ?"

"ತೆಗೆಯೋದಾ? ತೆಂಗಿನ ಮರಾನ ಯಾರಾದ್ರೂ ತೆಗೀತಾರಾ?" ಲಕ್ಕಯ್ಯ ಅವನನ್ನು ಅನುಮಾನದಿಂದ ನೋಡಿ ಎರಡು ಎಳನೀರು ಕೊಚ್ಚಿ ಕೊಟ್ಟ.

ಇದನ್ನೆಲ್ಲ ಬೇಲಿಯಾಚೆಯಿಂದ ಫೋನಿನಲ್ಲಿ ಹಿಡಿಯುತ್ತಿದ್ದವನು ತಿಮ್ಮರಾಜು. ಸೂರ್ಯಪ್ರಕಾಶನ ಜೊತೆ ಓದಿದವನು, ಈಗ ಪಂಚಾಯ್ತಿ ಮೆಂಬರು. ಎಳನೀರು ಖಾಲಿಯಾಗುವಷ್ಟರಲ್ಲಿ ಅವನ ವಿಡಿಯೋ ಬಿಳಿಗೆರೆ ದಾಟಿ ಹೋಗಿತ್ತು.

"ಲೇ ಸೂರಿ, ನಮ್ಮ ತೋಟಕ್ಕೂ ಬಾರ್ಲಾ," ಎಂದ.

"ಹೆದರಿಸೋ ಕೆಲಸಕ್ಕೆ ನಾನು ಬರಲ್ಲ ಕಣ್ಲಾ."

"ನಂದು ಹೆದರಿಸೋ ಕೇಸಲ್ಲ, ತೆಗೆಯೋ ಕೇಸು. ಕಾಯಿ ಇಲ್ಲ, ನೆಳ್ಳೂ ಇಲ್ಲ. ನೀನು ಬಂದು ತೆಗಿ, ನಾನೇ ವಿಡಿಯೋ ಮಾಡಿಕೊಡ್ತೀನಿ."

ವಿಡಿಯೋ ಎಂದ ಮೇಲೆ ಸೂರ್ಯಪ್ರಕಾಶ ಇಲ್ಲವೆನ್ನಲಾರದೆ ಹೋದ. ಹೋಗಿ ನೋಡಿದರೆ ತಿಮ್ಮರಾಜುವಿನ ತೋಟದಲ್ಲಿ ಅರ್ಧ ಬೀದಿಯೇ ನೆರೆದಿತ್ತು. ಪ್ಲಾಸ್ಟಿಕ್ ಕುರ್ಚಿ ಬಂದಿದ್ದವು. ತಿಮ್ಮರಾಜು ಬಿಳಿ ಶರ್ಟು ಹಾಕಿಕೊಂಡು ಬಂದು ಮರದೆದುರು ಭಾಷಣಕ್ಕೆ ನಿಂತ. ಫಲ ಕೊಡದವರಿಗೆ ಜಾಗವಿಲ್ಲ ಎಂದ. ಇದು ಅಭಿವೃದ್ಧಿಯ ಕಾಲ ಎಂದ. ಮರ ಸುಮ್ಮನೆ ಕೇಳಿಸಿಕೊಂಡಿತು.

"ಸೂರಿ, ಹಿಂದಕ್ಕೆ ಹೋಗಿ ಜೋರಾಗಿ ಬಾ. ಬಿಸಿಲು ಅಡ್ಡ ಬಂತು, ಇನ್ನೊಂದ್ಸಲ. ಈಗ ಹಾರ್ನ್ ಹೊಡಿ."

ಮೂರನೆಯ ಸಲ ಬಂದಾಗ ಬಕೆಟ್ಟು ಮರಕ್ಕೆ ತಗುಲಿ, ಮೇಲಿದ್ದ ಒಣಗರಿಯೊಂದು ಕಳಚಿ, ಪಕ್ಕದಲ್ಲಿ ನಿಲ್ಲಿಸಿದ್ದ ತಿಮ್ಮರಾಜುವಿನ ಕಾರಿನ ಮೇಲೆ ಮಟ್ಟೆ ಮುಂದಾಗಿ ಬಿತ್ತು. ಗಾಜಿನಲ್ಲಿ ಜೇಡರ ಬಲೆ ಮೂಡಿತು. ಜನ ಚಪ್ಪಾಳೆ ತಟ್ಟಿದರು. ಇದೂ ಶಾಸ್ತ್ರದ ಭಾಗ ಎಂದುಕೊಂಡಿದ್ದಿರಬೇಕು.

ಆ ಗದ್ದಲದಲ್ಲಿ ಒಬ್ಬ ಮುಂದೆ ಬಂದು ಮರವನ್ನು ತಬ್ಬಿಕೊಂಡ. "ಬಿಡ್ರಪ್ಪ, ಪಾಪದ ಮರ. ಬರೋ ವರ್ಷ ಕಾಯಿ ಬಿಡ್ತದೆ. ನಾನು ಜಾಮೀನು."

ಅವನು ಶ್ರೀರಂಗಯ್ಯ. ಹೋದ ಚುನಾವಣೆಯಲ್ಲಿ ತಿಮ್ಮರಾಜುವಿನ ಎದುರು ನಿಂತು ಸೋತವನು. ಜಾಮೀನು ನಿಲ್ಲಲೆಂದು ಸೀರೆ ಬದಲಾಯಿಸಿ ತಯಾರಾಗಿದ್ದ ತಿಮ್ಮರಾಜುವಿನ ಹೆಂಡತಿ ಪವಿತ್ರಾ ಬಾಯಿ ತೆರೆದವಳು ಹಾಗೇ ನಿಂತಳು.

"ರಂಗಯ್ಯ, ನಮ್ಮ ಮರಕ್ಕೆ ನೀನ್ಯಾಕೆ ಜಾಮೀನು?" ಎಂದ ತಿಮ್ಮರಾಜು.

"ಮರ ನಿಂದಾದ್ರೇನು, ಕರುಣೆ ನಂದು."

ನಾಳೆ ಈ ಮರ ಅಕಸ್ಮಾತ್ ಕಾಯಿ ಬಿಟ್ಟರೆ ಹೆಸರು ಶ್ರೀರಂಗಯ್ಯನಿಗೆ ಹೋಗುತ್ತದೆ ಎಂಬುದು ತಿಮ್ಮರಾಜುವಿಗೆ ತಕ್ಷಣ ಹೊಳೆಯಿತು. "ಯಾವ ಜಾಮೀನೂ ಬೇಡ. ಸೂರಿ, ತೆಗೆದಾಕು."

ಸೂರ್ಯಪ್ರಕಾಶ ಲಿವರ್ ಮೇಲೆ ಕೈಯಿಟ್ಟ. "ನಿಜವಾಗ್ಲೂನಾ?"

"ನಿಜವಾಗ್ಲೂ. ಬೇರೆಲ್ಲ ಮಾತು ಬೇಡ."

"ತೆಗೀಲಿ ನೋಡೋಣ," ಎಂದ ಶ್ರೀರಂಗಯ್ಯ, ಅಪ್ಪುಗೆ ಬಿಗಿ ಮಾಡಿ. "ತಿಮ್ಮರಾಜು ತೆಂಗಿನ ಮರ ಕಡಿಸಿದ ಅಂತ ಮನೆಮನೆಗೆ ಹೇಳ್ಕೊಂಡು ಬತ್ತೀನಿ. ನಾನು ಬಂದು ತಬ್ಬಿಕೊಂಡ್ರೂ ಬಿಡಲಿಲ್ಲ ಅಂತೀನಿ."

ತಿಮ್ಮರಾಜು ಮರವನ್ನು ನೋಡಿದ, ನೆರೆದಿದ್ದ ಮತದಾರರನ್ನು ನೋಡಿದ. "ಆಫ್ ಮಾಡ್ಲಾ," ಎಂದ. "ನಿನಗೆ ಯಾರೋ ಗಾಡಿ ಓಡಿಸೋದು ಹೇಳಿಕೊಟ್ಟೋರು? ಗಾಜು ಹೋಯ್ತು."

ಹೊರಗೆ ಬಂದರೆ ಉಜ್ವಲನ ಫೋನು. "ವಿಡಿಯೋ ಏನಾಯ್ತಣ್ಣ? ತುರುವೇಕೆರೆಯವರು ಅವರದ್ದು ಕಳಿಸಿಬಿಟ್ರು." ಸೂರ್ಯಪ್ರಕಾಶ, "ಈಗ ತೆಗೀತಾ ಇದೀನಿ" ಎಂದ. ಏನನ್ನು ಎಂದು ಅವನಿಗೂ ಗೊತ್ತಿರಲಿಲ್ಲ.

ಅವನನ್ನು ಆ ಸ್ಥಿತಿಯಲ್ಲಿ ಕಂಡವರು ರೇವಣಸಿದ್ದಯ್ಯ ಮೇಷ್ಟ್ರು. ನಿವೃತ್ತರಾದ ವಿಜ್ಞಾನದ ಮೇಷ್ಟ್ರು, ಗ್ರಹಣದ ದಿನ ಬೇಕೆಂದೇ ಬೀದಿಯಲ್ಲಿ ನಿಂತು ಬೋಂಡ ತಿನ್ನುವವರು.

"ನೋಡಿದೆ ನಿಮ್ಮ ನಾಟಕ," ಎಂದರು. "ಮರಕ್ಕೆ ಕಿವಿ ಇದೆಯೇನಯ್ಯಾ? ಮೂಢನಂಬಿಕೆ. ನಮ್ಮ ಮನೆಗೆ ಬಾ. ಹಿತ್ತಲಲ್ಲಿ ಒಂದು ಮರ ಇದೆ, ಕಾಯಿ ಬಿಡೋದಿಲ್ಲ. ನಮ್ಮಲ್ಲಿ ಪೂಜೆ ಇಲ್ಲ, ಜಾಮೀನಿಲ್ಲ."

ಸೂರ್ಯಪ್ರಕಾಶನಿಗೆ ಅವರ ಕಾಲು ಹಿಡಿಯೋಣವೆನಿಸಿತು. ಮೇಷ್ಟ್ರ ಹಿತ್ತಲಿನಲ್ಲಿ ನಿಜಕ್ಕೂ ಅರಿಶಿನವಿರಲಿಲ್ಲ, ಜನರಿರಲಿಲ್ಲ. ಅವನು ಬಕೆಟ್ಟು ತಾಗಿಸಿದ. ಮೇಷ್ಟ್ರು ಕೈಯೆತ್ತಿದರು.

"ಹಾಗಲ್ಲ. ಕೀಳಬೇಡ. ತಾಗಿಸಿಕೊಂಡು ಇಂಜಿನ್ ಓಡಿಸ್ತಾ ಇರು."

"ಯಾಕೆ ಮೇಷ್ಟ್ರೆ?"

"ಕಂಪನ. ಬೇರಿಗೆ ಕಂಪನ ಮುಟ್ಟಿದರೆ ಸಸ್ಯಕ್ಕೆ ಒತ್ತಡ ಉಂಟಾಗ್ತದೆ. ಒತ್ತಡದಲ್ಲಿ ಅದು ಸಂತಾನೋತ್ಪತ್ತಿಗೆ ತೊಡಗ್ತದೆ. ಇದು ವಿಜ್ಞಾನ."

"ಹೆದರಿಸೋದು ಅಂತಾನೇ ಆಯ್ತಲ್ಲ ಮೇಷ್ಟ್ರೆ."

"ಅವರು ಮಾಡೋದು ಹೆದರಿಸೋದು. ನಾನು ಮಾಡಿಸ್ತಿರೋದು ಪ್ರಯೋಗ."

ಪ್ರಯೋಗ ನಡೆಯುತ್ತಿದ್ದಂತೆ ನೆಲದೊಳಗಿದ್ದ ಹನಿ ನೀರಾವರಿಯ ಪೈಪು ಗಾಡಿಯ ಭಾರಕ್ಕೆ ಸಿಡಿದು, ಸೂರ್ಯಪ್ರಕಾಶನಿಗೆ ತಲೆಯಿಂದ ಸ್ನಾನವಾಯಿತು. ಮೇಷ್ಟ್ರು ನೀರು ನಿಲ್ಲಿಸಲು ಓಡುತ್ತ, ಫಲಿತಾಂಶವನ್ನು ಬರುವ ವರ್ಷ ನೋಡೋಣ ಎಂದರು.

ನೆಂದ ಕೋಳಿಯ ಹಾಗೆ ಅವನು ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಶಿಲ್ಪ ಬಚ್ಚಲ ಪಕ್ಕದಲ್ಲಿ ಒಗೆದ ಬಟ್ಟೆಗಳ ಮೇಲಿನ ಕಸ ಕೊಡವುತ್ತಿದ್ದಳು. ಕಸ ಬಿದ್ದದ್ದು ಮೇಲಿದ್ದ ತೆಂಗಿನ ಮರದಿಂದ. ಸೂರ್ಯಪ್ರಕಾಶ ತಲೆಯೆತ್ತಿ ನೋಡಿದ. ಹೆಚ್ಚು ಎತ್ತರವಿಲ್ಲ. ಕಾಯಿಯಿಲ್ಲ, ಎಂದೂ ಬಿಟ್ಟದ್ದಿಲ್ಲ. ಬೆಳಿಗ್ಗೆಯಿಂದ ಊರವರ ಮರಗಳ ಮೇಲೆಲ್ಲ ಕಣ್ಣಿಟ್ಟವನಿಗೆ ತನ್ನ ಮನೆಯಲ್ಲೂ ಒಂದಿದೆಯೆಂದು ಹೊಳೆದಿರಲಿಲ್ಲ. ಅವನೂ ಅದೇ ಊರಿನವನೇ ತಾನೇ.

"ಶಿಲ್ಪಾ, ಇದನ್ನ ತೆಗೆದುಬಿಡಲಾ?"

ಅವಳು ಏನಾದರೂ ಅಂದಾಳೆಂದು ಅವನು ಕಾದ. ಬೇಡ ಎಂದಾಳು, ಬರುವ ವರ್ಷ ಎಂದಾಳು.

"ತೆಗೀರಿ," ಎಂದಳು ಶಿಲ್ಪ. "ಬಿಳಿ ಬಟ್ಟೆ ಒಣಗಿಸೋ ಹಾಗಿಲ್ಲ."

ಅವನು ತನ್ನ ಫೋನನ್ನು ಅವಳ ಕೈಗೆ ಕೊಟ್ಟ. "ಏನೇ ಆದ್ರೂ ನಿಲ್ಲಿಸಬೇಡ. ಮರ ನೆಲಕ್ಕೆ ಬರೋ ತನಕ ವಿಡಿಯೋ ತೆಗೀತಾನೇ ಇರು."

ಮೇಲೆ ಹಗ್ಗ ಕಟ್ಟಿ, ಬೀಳಬೇಕಾದ ಕಡೆಗೆ ಎಳೆದು ಬಿಗಿದ. ಬುಡದ ಸುತ್ತ ಮಣ್ಣು ಬಿಡಿಸಿದ. ಬೇರುಗಳು ಹಳೆಯ ಗೋಣಿಯ ಎಳೆಗಳಂತೆ ಪಟಪಟನೆ ಹರಿದವು. ಬಕೆಟ್ಟನ್ನು ಮೇಲಕ್ಕೆ ಎತ್ತಿ ಒತ್ತಿದ. ಮರ ಮೊದಲು ತಲೆಯಾಡಿಸಿತು. ಆಮೇಲೆ ಊಟವಾದ ಮೇಲೆ ಮಲಗುವ ಯಜಮಾನನ ಹಾಗೆ, ಅವಸರವಿಲ್ಲದೆ, ಬಚ್ಚಲಿಗಾಗಲಿ ಬಟ್ಟೆಯ ತಂತಿಗಾಗಲಿ ತಾಗದೆ ಬಂದು ಮಲಗಿತು. ಸೂರ್ಯಪ್ರಕಾಶ ಇಕ್ಕಳ ಸಿಕ್ಕಿಸಿ ಅದನ್ನು ನಡುವಿಗೆ ಹಿಡಿದೆತ್ತಿ ಪಕ್ಕಕ್ಕೆ ಇಟ್ಟ. ಗಾಡಿ ಕೊಂಡ ದಿನ ಕಣ್ಣಿಗೆ ಕಟ್ಟಿದ್ದೆಲ್ಲ ಹಾಗೆ ಹಾಗೇ ನಡೆಯಿತು. ಗಾಡಿಯಿಂದ ಇಳಿದವನು ಅದರ ಬಾನೆಟ್ಟನ್ನು ಒಂದು ಸಲ ತಟ್ಟಿದ. ವಿಡಿಯೋ ಶೆಟ್ಟಿಕೆರೆಗೆ ಹೊರಟಿತು.

ತೆಂಗಿನ ಮರ ಬಿದ್ದ ಸದ್ದು ಆ ಸೀಮೆಯಲ್ಲಿ ಯಾರಿಗೂ ಕೇಳದೆ ಹೋಗುವುದಿಲ್ಲ. ಅದರ ಸುಳಿಯೊಳಗಿನ ಬಿಳಿ ತಿರುಳು ಕಬ್ಬಿನಷ್ಟು ಸಿಹಿ, ಮರ ಬಿದ್ದರಷ್ಟೇ ತಿನ್ನಲು ಸಿಗುವುದು. ಸ್ವಲ್ಪ ಹೊತ್ತಿಗೆ ಮಚ್ಚು ಹಿಡಿದು ಲಕ್ಕಯ್ಯ ಬಂದ, ಪಾತ್ರೆ ಹಿಡಿದು ಕೆಂಪಕ್ಕ ಬಂದಳು. ತಿಮ್ಮರಾಜು ಬಂದ. ಮೇಷ್ಟ್ರು ವಿಜ್ಞಾನದ ಕುತೂಹಲದಿಂದ ಬಂದರು.

"ಅಯ್ಯಯ್ಯೋ, ತೆಗೆದೇ ಬುಟ್ಯಲ್ಲಪ್ಪ," ಎನ್ನುತ್ತ ಲಕ್ಕಯ್ಯ ಮಚ್ಚು ಮಸೆದ. "ಯಾರೂ ಜಾಮೀನು ನಿಲ್ಲಲಿಲ್ವಾ?"

"ನಾನು ಬಟ್ಟೆ ಒಣಗಿಸಬೇಕಿತ್ತು," ಎಂದಳು ಶಿಲ್ಪ.

ಲಕ್ಕಯ್ಯ ಗರಿಗಳನ್ನು ಒಂದೊಂದಾಗಿ ಸವರಿದ. ಒಳಗಿನ ಒಂದು ಗರಿಯ ಬುಡ ಸೀಳಿದವನು ಹಾಗೇ ಕೂತುಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಗರಿಯ ಕಂಕುಳಲ್ಲಿ, ತಾಯಿಯ ಸೆರಗಿನಲ್ಲಿ ಅಡಗಿದ ಕೂಸಿನ ಹಾಗೆ, ಒಂದು ಎಳೆಯ ಹೊಂಬಾಳೆ ಇತ್ತು. ಮರದ ಮೊದಲ ಹೊಂಬಾಳೆ.

"ನೋಡ್ದಾ," ಎಂದ ಲಕ್ಕಯ್ಯ. "ತಿಂಗಳಿಂದ ನೀನು ಗಾಡಿ ಇದರ ಮುಂದೇನೇ ನಿಲ್ಸಿದ್ದೆ. ಹೆದರ್ಕೊಂಡು ಬುಟ್ಟೈತೆ."

"ಕಂಪನ," ಎಂದರು ಮೇಷ್ಟ್ರು.

ಅಷ್ಟರಲ್ಲಿ ಫೋನು ಬಂತು. ಸೂರ್ಯಪ್ರಕಾಶ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಅಣ್ಣ, ವಿಡಿಯೋ ನೋಡಿದೆ. ಬೊಂಬಾಟಾಗಿದೆ," ಎಂದ ಉಜ್ವಲ್.

"ನಾಳೆ ಬೆಳಿಗ್ಗೆನೇ ಬಂದುಬಿಡಲಾ?"

"ಅದೇ ಅಣ್ಣ, ಹೇಗೆ ಹೇಳೋದು ಅಂತ. ಲಕ್ಕಯ್ಯನವರ ತೋಟದ ವಿಡಿಯೋ ಮಧ್ಯಾಹ್ನ ನಮ್ಮತ್ತೆ ಫೋನಿಗೂ ಬಂದಿತ್ತು. ಅವರು ಅದನ್ನ ನೋಡಿದ್ದು ಸಂಜೆ, ತುಂಬ ಹಿಡಿಸ್ತು. ಅಂಥ ಗಾಡಿ ಕೈಲಿದ್ರೂ ಮರಕ್ಕೆ ಒಂದು ಗೀರು ಬೀಳಲಿಲ್ಲ, ಇಂಥ ಮನುಷ್ಯನೇ ನಮ್ಮ ತೋಟಕ್ಕೆ ಬೇಕು, ಇನ್ನೇನೂ ನೋಡೋದು ಬೇಡ, ಕೆಲಸ ಅವನಿಗೇ ಅಂದ್ರು. ನಾನು ತಕ್ಷಣ ನಿಮಗೆ ಫೋನ್ ಮಾಡಿದೆ. ಎರಡು ಸಲ. ನೀವು ಎರಡು ಸಲವೂ ಕಟ್ ಮಾಡಿದ್ರಿ."

ಸೂರ್ಯಪ್ರಕಾಶ ಶಿಲ್ಪಳನ್ನು ನೋಡಿದ.

"ಏನೇ ಆದ್ರೂ ನಿಲ್ಲಿಸಬೇಡ ಅಂದಿದ್ರಲ್ಲ ನೀವು," ಎಂದಳು ಅವಳು. "ಮರ ಆಗಷ್ಟೇ ವಾಲ್ತಿತ್ತು."

"ಈಗ ಹೇಳ್ತೀಯಾ ಅವರಿಗೆ?" ಎಂದ ಸೂರ್ಯಪ್ರಕಾಶ ಫೋನಿಗೆ. "ಒಂದೇ ಮರ, ನಮ್ಮನೇದು."

"ಈಗಿನ ವಿಡಿಯೋನೂ ನೋಡಿದ್ರಣ್ಣ. ಕನ್ನಡಕ ತೆಗೆದಿಟ್ಟು ಒಳಗೆ ಹೋದ್ರು. ಸ್ವಂತ ಮನೆ ಮರಾನೇ ಬಿಡದವನು ನಮ್ಮದನ್ನ ಬಿಡ್ತಾನಾ ಅಂದ್ರು. ಕೆಲಸ ತುರುವೇಕೆರೆಯವರಿಗಾಯ್ತು."

"ಅವರೂ ವಿಡಿಯೋ ಕಳಿಸಿದ್ರು ಅಂದ್ಯಲ್ಲ ನೀನು?"

"ಕಳಿಸಿದ್ರು. ಗಾಡಿ ಒಂದು ಮರಕ್ಕೆ ಒತ್ತೋಕೆ ಹೋಗಿ ತಾನೇ ಕೆಟ್ಟು ನಿಂತಿದ್ದು. ಮರ ಏನೂ ಆಗದ ಹಾಗೆ ನಿಂತಿದೆ. ಅತ್ತೆಗೆ ಅದು ಬಹಳ ಸಮಾಧಾನ ಆಯ್ತು."

ಫೋನು ನಿಂತಿತು. ಕೆಂಪಕ್ಕ ಸುಳಿಯ ತಿರುಳನ್ನು ಹೆಚ್ಚಿ, ಮೊದಲ ತುಂಡನ್ನು ಸೂರ್ಯಪ್ರಕಾಶನ ಕೈಗಿಟ್ಟಳು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಅಗಿದ. ಬಹಳ ಸಿಹಿಯಾಗಿತ್ತು.

"ಬೇಜಾರು ಮಾಡ್ಕೋಬೇಡ್ಲಾ," ಎಂದ ತಿಮ್ಮರಾಜು, ತನ್ನ ಪಾಲಿನ ತುಂಡನ್ನು ಜಗಿಯುತ್ತ. "ಗಾಡಿಗೆ ಕೆಲಸ ಇಲ್ಲ ಅಂತ ತಿಳ್ಕೋಬೇಡ. ಹೊಂಬಾಳೆ ಸುದ್ದಿ ಆಗಲೇ ಗ್ರೂಪಿಗೆ ಹಾಕಿದೀನಿ. ನಾಳೆಯಿಂದ ಸುತ್ತಮುತ್ತಲ ತಾಲ್ಲೂಕಿನವರೆಲ್ಲ ಮರ ಹೆದರಿಸೋಕೆ ಕರೀತಾರೆ, ನೋಡ್ತಿರು."

ಸೂರ್ಯಪ್ರಕಾಶ ತಲೆಯೆತ್ತಿದ. ಅವನ ಮುಖದಲ್ಲಿ ಸ್ವಲ್ಪ ಕಳೆ ಬಂತು.

"ಆದ್ರೆ ಒಂದು ಮಾತು," ಎಂದ ಲಕ್ಕಯ್ಯ ಮಚ್ಚು ಒರೆಸುತ್ತ. "ಗಾಡಿ ಮಾತ್ರ ಕಳ್ಸಪ್ಪ. ಓಡಿಸಾಕೆ ಶಿಲ್ಪವ್ವ ಬರ್ಲಿ, ಇಲ್ಲ ಇನ್ಯಾರಾದ್ರೂ ಬರ್ಲಿ. ನಿನ್ನ ಕೈ ಇನ್ನು ನಂಬಾಕಾಗಲ್ಲ. ನೀನು ತೆಗೆಯೋ ಜಾತಿ."